ಕಥಾಪಾತ್ರಗಳ ಲೈಂಗಿಕ ಒಲವು ಮತ್ತು ಮುಕ್ತ ವಿಶ್ವಕೋಶ: ತರಗತಿಯ ಓದಿಗೆ ಎದುರಾದ ಒಂದು ಪ್ರಶ್ನೆ

ಕಳೆದ ವರ್ಷ ಕೊಯಮತ್ತೂರಿನಲ್ಲಿ ನಡೆದ ಪುನಶ್ಚೇತನ ಶಿಬಿರದ ಎರಡನೆಯ ದಿನ ತಿರುಪ್ಪೂರು ಜಿಲ್ಲೆಯಿಂದ ಬಂದಿದ್ದ ಶಿಕ್ಷಕರೊಬ್ಬರು ಎರಡು ನೋಟುಪುಸ್ತಕಗಳನ್ನು ನನ್ನ ಮೇಜಿನ ಮೇಲಿಟ್ಟು, “ಸರ್, ಇವೆರಡರಲ್ಲಿ ಯಾವುದಕ್ಕೆ ಅಂಕ ಕೊಡಲಿ?” ಎಂದು ಕೇಳಿದರು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಮಹಾಭಾರತದ ಒಂದೊಂದು ಪಾತ್ರವನ್ನು ಕುರಿತು ಒಂದು ಪುಟ ಬರೆದು ತರಲು ಅವರು ಹೇಳಿದ್ದರು. ಇಬ್ಬರು ವಿದ್ಯಾರ್ಥಿನಿಯರು ಶಿಖಂಡಿಯನ್ನು ಆರಿಸಿಕೊಂಡಿದ್ದರು. ಇಬ್ಬರೂ ಮನೆಯವರ ಮೊಬೈಲಿನಲ್ಲಿ ಒಂದೇ ವಿಶ್ವಕೋಶದ ಒಂದೇ ಪುಟವನ್ನು ನೋಡಿ ಬರೆದವರು. ನಡುವೆ ಐದು ದಿನಗಳ ಅಂತರ ಮಾತ್ರ. ಮೊದಲನೆಯವಳ ಬರಹದಲ್ಲಿ ಶಿಖಂಡಿಯು ‘ಮಹಾಭಾರತದ ಸಲಿಂಗಪ್ರೇಮಿ ಪಾತ್ರ’ ಎಂಬ ವಾಕ್ಯವಿತ್ತು. ಎರಡನೆಯವಳ ಬರಹದಲ್ಲಿ ಆ ವಾಕ್ಯವೇ ಇರಲಿಲ್ಲ. ಐದು ದಿನಗಳೊಳಗೆ ಯಾರೋ ಅದನ್ನು ಅಳಿಸಿಹಾಕಿದ್ದರು.

ತರಗತಿಯಲ್ಲಿ ಇವೆರಡನ್ನೂ ಓದಿಸಿದಾಗ ಗದ್ದಲವಾಯಿತಂತೆ. ಶಿಕ್ಷಕರು ಮೊದಲನೆಯದನ್ನು ‘ಅಸಭ್ಯ’ವೆಂದು ಹೇಳಿ ಅದಕ್ಕೆ ಅಂಕ ಕಳೆದರು. ಚಹಾದ ವಿರಾಮದಲ್ಲಿ ಅವರೇ ಮತ್ತೊಂದು ಸಂಗತಿಯನ್ನು ತಿಳಿಸಿದರು. ಆ ತರಗತಿಯಲ್ಲಿ ಮೃದುವಾಗಿ ಮಾತಾಡುವ ಹುಡುಗನೊಬ್ಬನನ್ನು ಸಹಪಾಠಿಗಳು ಬಹುಕಾಲದಿಂದ ‘ಶಿಖಂಡಿ’ ಎಂದೇ ಕರೆಯುತ್ತಿದ್ದರು. ಆ ದಿನದ ಗದ್ದಲದ ಬಳಿಕ ಅವನು ಒಂದು ವಾರ ಶಾಲೆಗೆ ಬರಲಿಲ್ಲ.

ಅಂಕದ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಆದರೆ ಆ ಉತ್ತರ ಸರಿಯಾಗಬೇಕಾದರೆ, ಆ ವಾಕ್ಯ ಏಕೆ ಬಂತು, ಏಕೆ ಹೋಯಿತು ಎಂಬುದನ್ನು ನಾವು ಮೊದಲು ಅರಿತಿರಬೇಕು. ಅದಕ್ಕಾಗಿ ಈ ಬರಹ.

ನಮ್ಮ ತಲೆಮಾರಿನವರು ಕಂಡ ವಿಶ್ವಕೋಶಗಳು ಬೇರೆ ಬಗೆಯವು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಒಬ್ಬರೇ ಬರೆದು ಮಕ್ಕಳಿಗೆ ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ 14 ಸಂಪುಟಗಳನ್ನು ನೂರಾರು ವಿದ್ವಾಂಸರು ಬರೆದರು. ಅಲ್ಲಿ ಭಿನ್ನಾಭಿಪ್ರಾಯವಿದ್ದರೆ ಅದು ಸಂಪಾದಕರ ಕೊಠಡಿಯಲ್ಲಿಯೇ ಮುಗಿಯುತ್ತಿತ್ತು. ಓದುಗನ ಕೈಗೆ ಬರುತ್ತಿದ್ದುದು ತೀರ್ಮಾನ ಮಾತ್ರ. 2001ರ ಜನವರಿಯಲ್ಲಿ ಇಂಗ್ಲಿಷಿನಲ್ಲಿ ಪ್ರಾರಂಭವಾದ ವಿಕಿಪೀಡಿಯ ಈ ಕೊಠಡಿಯ ಬಾಗಿಲನ್ನು ತೆರೆದಿಟ್ಟಿತು. ಕನ್ನಡ ಮತ್ತು ತಮಿಳು ವಿಕಿಪೀಡಿಯಗಳು 2003ರಲ್ಲಿ ಆರಂಭವಾದವು. ಒಂದು ಭಾಷೆಯ ವಿಕಿಪೀಡಿಯ ಇನ್ನೊಂದರ ಅನುವಾದವಲ್ಲ. ಪ್ರತಿಯೊಂದಕ್ಕೂ ಅದರದೇ ಬರಹಗಾರರು, ಅದರದೇ ಚರ್ಚೆಗಳು. ಪ್ರತಿ ಲೇಖನದ ಬೆನ್ನಿಗೂ ಎರಡು ಪುಟಗಳಿರುತ್ತವೆ. ಒಂದು ‘ಇತಿಹಾಸ’: ಯಾವ ದಿನ, ಯಾವ ಗಳಿಗೆಯಲ್ಲಿ, ಯಾರು, ಯಾವ ಪದವನ್ನು ಸೇರಿಸಿದರು ಅಥವಾ ತೆಗೆದರು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಇನ್ನೊಂದು ‘ಚರ್ಚೆ’: ಹಾಗೆ ಮಾಡಿದ್ದು ಸರಿಯೇ ಎಂದು ವಾದಿಸುವ ಜಗಲಿ. ನಮ್ಮ ಮಕ್ಕಳು ಈ ಎರಡು ಪುಟಗಳನ್ನು ತೆರೆಯುವುದೇ ಇಲ್ಲ. ನಿಜ ಹೇಳಬೇಕೆಂದರೆ, ನಾವೂ ತೆರೆಯುವುದಿಲ್ಲ.

ಇಂಗ್ಲಿಷ್ ವಿಕಿಪೀಡಿಯದ ಚರ್ಚಾಪುಟಗಳಲ್ಲಿ ಮತ್ತೆ ಮತ್ತೆ ಹೊತ್ತಿಕೊಳ್ಳುವ ಜಗಳಗಳಲ್ಲಿ ಒಂದು, ಕಥೆ ಕಾದಂಬರಿ ಚಲನಚಿತ್ರಗಳ ಪಾತ್ರಗಳ ಲೈಂಗಿಕ ಒಲವನ್ನು ಕುರಿತದ್ದು. ಇಂತಹ ಪಾತ್ರ ಸಲಿಂಗಪ್ರೇಮಿಯೇ, ಅಲ್ಲವೇ? ಒಬ್ಬರು ಸೇರಿಸುತ್ತಾರೆ, ಮತ್ತೊಬ್ಬರು ಅಳಿಸುತ್ತಾರೆ, ಮೊದಲಿನವರು ಮರಳಿ ಸೇರಿಸುತ್ತಾರೆ. ಇದು ಮಿತಿಮೀರದಂತೆ ಅಲ್ಲಿ ಒಂದು ಕಟ್ಟುಪಾಡಿದೆ: ಒಂದೇ ಪುಟದಲ್ಲಿ 24 ಗಂಟೆಗಳೊಳಗೆ ಮೂರಕ್ಕಿಂತ ಹೆಚ್ಚು ಬಾರಿ ಇತರರ ತಿದ್ದುಪಡಿಯನ್ನು ರದ್ದುಗೊಳಿಸಿದವರನ್ನು ಬರೆಯದಂತೆ ತಡೆಹಿಡಿಯಬಹುದು. ನಿಜವಾದ ವ್ಯಕ್ತಿಯ ವಿಷಯದಲ್ಲಿ ಇಷ್ಟು ತೊಡಕಿಲ್ಲ. ಬದುಕಿರುವ ವ್ಯಕ್ತಿಯ ಒಲವನ್ನು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದರೆ ಮಾತ್ರ, ಅದೂ ಅವರ ಸಾರ್ವಜನಿಕ ಬದುಕಿಗೆ ಸಂಬಂಧವಿದ್ದರೆ ಮಾತ್ರ, ಬರೆಯಬೇಕೆಂಬುದು ಅಲ್ಲಿಯ ನಿಯಮ. ಆದರೆ ಕಥಾಪಾತ್ರವನ್ನು ಯಾರು ಕೇಳಬೇಕು? ಅದು ಕೃತಿಯ ಆಚೆಗೆ ಉಸಿರಾಡುವುದಿಲ್ಲ.

ಈ ಜಗಳಗಳನ್ನು ಬಗೆಹರಿಸಲು ಅಲ್ಲಿ ಬಳಸುವ ಮೂರು ತತ್ತ್ವಗಳನ್ನು ಕನ್ನಡದಲ್ಲಿ ಪರಿಶೀಲನಾರ್ಹತೆ, ಸ್ವಂತ ಸಂಶೋಧನೆಯ ನಿಷೇಧ, ತಟಸ್ಥ ದೃಷ್ಟಿಕೋನ ಎನ್ನಬಹುದು. ಇವುಗಳಲ್ಲಿ ಎರಡನೆಯದನ್ನು ಕನ್ನಡ ಶಿಕ್ಷಕರಿಗೆ ವಿವರಿಸಲು ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆಯೇ ಸಾಕು. ಪದಕ್ಕೆ ವಾಚ್ಯಾರ್ಥ, ಲಕ್ಷ್ಯಾರ್ಥ, ವ್ಯಂಗ್ಯಾರ್ಥಗಳಿವೆ ಎಂದು ನಾವೆಲ್ಲ ಓದಿದ್ದೇವೆ. ಕೃತಿಯು ವಾಚ್ಯವಾಗಿ ಹೇಳಿದ್ದನ್ನು ಕೃತಿಯ ಆಧಾರದಿಂದಲೇ ವಿಶ್ವಕೋಶದಲ್ಲಿ ಬರೆಯಬಹುದು. ಆದರೆ ವ್ಯಂಗ್ಯಾರ್ಥವು ಸಹೃದಯನ ಹೃದಯದಲ್ಲಿ ಹುಟ್ಟುವಂಥದು. ಒಬ್ಬೊಬ್ಬ ಸಹೃದಯನಿಗೆ ಒಂದೊಂದು ಬಗೆಯಾಗಿ ಹೊಳೆಯಬಹುದು. ಅಂತಹ ಅರ್ಥವನ್ನು ಲೇಖನದಲ್ಲಿ ಸೇರಿಸಬೇಕಾದರೆ ಸೇರಿಸುವವನ ಹೊಳಹು ಸಾಲದು. ಅದನ್ನು ಹೇಳಿದ ವಿಮರ್ಶಕ ಯಾರು, ಯಾವ ಪ್ರಕಟಿತ ಗ್ರಂಥದಲ್ಲಿ ಎಂಬುದನ್ನು ತೋರಿಸಬೇಕು. ಆನಂದವರ್ಧನನು ಕೇಳಿದ್ದರೆ ನಕ್ಕಾನು. ಆದರೆ ವಿಶ್ವಕೋಶ ಕಾವ್ಯವಲ್ಲ, ಕಾವ್ಯದ ಕುರಿತು ಯಾರು ಏನು ಹೇಳಿದ್ದಾರೆ ಎಂಬುದರ ದಾಖಲೆ.

ಹಾಗೆ ನೋಡಿದರೆ, ಎಲ್ಲ ಪಾತ್ರಗಳೂ ವಿವಾದಕ್ಕೆ ಒಳಗಾಗುವುದಿಲ್ಲ. ವಸುಧೇಂದ್ರ ಅವರ ‘ಮೋಹನಸ್ವಾಮಿ’ 2013ರಲ್ಲಿ ಪ್ರಕಟವಾಯಿತು. ಅದರ ನಾಯಕನು ಸಲಿಂಗಪ್ರೇಮಿ ಎಂಬುದು ಆ ಕಥೆಗಳಲ್ಲಿ ವಾಚ್ಯವಾಗಿಯೇ ಇದೆ. ಅದನ್ನು ಬರೆಯಲು ವಿಮರ್ಶಕನ ಸಾಕ್ಷಿ ಬೇಡ. ಅಳಿಸಲು ಯಾರಿಗೂ ಕಾರಣವಿಲ್ಲ. ಅಳಿಸಿದರೆ ಅದು ಕೃತಿಯನ್ನೇ ಅಲ್ಲಗಳೆದಂತೆ.

ಎರಡನೆಯ ಬಗೆಯಲ್ಲಿ ಕೃತಿ ಸುಮ್ಮನಿರುತ್ತದೆ, ಕರ್ತೃ ಮಾತಾಡುತ್ತಾರೆ. ಹ್ಯಾರಿ ಪಾಟರ್ ಸರಣಿಯ ಏಳನೆಯ, ಕೊನೆಯ ಪುಸ್ತಕ 2007ರ ಜುಲೈಯಲ್ಲಿ ಹೊರಬಂತು. ಅದೇ ಅಕ್ಟೋಬರ್ 19ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಓದುಗರೊಬ್ಬರ ಪ್ರಶ್ನೆಗೆ ಉತ್ತರವಾಗಿ ಲೇಖಕಿ ಜೆ. ಕೆ. ರೌಲಿಂಗ್ ಅವರು, ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಸಲಿಂಗಪ್ರೇಮಿ ಎಂದು ತಾವು ಭಾವಿಸಿರುವುದಾಗಿ ತಿಳಿಸಿದರು. ಏಳು ಪುಸ್ತಕಗಳಲ್ಲಿ ಎಲ್ಲಿಯೂ ಇದು ನೇರವಾಗಿ ಇಲ್ಲ. ಸೃಷ್ಟಿಸಿದವರ ಮಾತೇ ಅಂತಿಮವೆಂಬುದು ಒಂದು ಪಕ್ಷ. ಪುಸ್ತಕ ಮುಗಿದ ಮೇಲೆ ಲೇಖಕಿಯೂ ಒಬ್ಬ ಓದುಗಳು ಮಾತ್ರ ಎಂಬುದು ಇನ್ನೊಂದು ಪಕ್ಷ. ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ 1967ರಲ್ಲಿ ‘ಲೇಖಕನ ಮರಣ’ ಎಂಬ ಪ್ರಬಂಧದಲ್ಲಿ ಎತ್ತಿದ ಪ್ರಶ್ನೆ ಹೀಗೆ ಶಾಲಾಮಕ್ಕಳ ಅಚ್ಚುಮೆಚ್ಚಿನ ಪುಸ್ತಕದ ಅಂಗಳಕ್ಕೆ ಬಂದು ನಿಂತಿತು. ವಿಶ್ವಕೋಶಕ್ಕೆ ಉಚಿತವಾದ ಹಾದಿ ಸರಳ: ‘ಡಂಬಲ್‌ಡೋರ್ ಇಂಥವನು’ ಎನ್ನುವ ಬದಲು, ‘ಇಂಥ ದಿನ, ಇಂಥ ಸ್ಥಳದಲ್ಲಿ ಲೇಖಕಿ ಹೀಗೆ ಹೇಳಿದರು’ ಎಂದು ಬರೆಯುವುದು. ಎರಡನೆಯ ವಾಕ್ಯವನ್ನು ಎರಡೂ ಪಕ್ಷದವರು ಒಪ್ಪಬೇಕಾಗುತ್ತದೆ, ಏಕೆಂದರೆ ಅದು ನಡೆದ ಸಂಗತಿ.

ಮೂರನೆಯ ಬಗೆಯಲ್ಲಿ ಕೃತಿಯೂ ಹೇಳುವುದಿಲ್ಲ, ಕರ್ತೃವೂ ಹೇಳಿಲ್ಲ, ಓದುಗರು ಕಾಣುತ್ತಾರೆ. 1887ರಲ್ಲಿ ಮೊದಲು ಕಾಣಿಸಿಕೊಂಡ ಷರ್ಲಾಕ್ ಹೋಮ್ಸ್ ಮತ್ತು ವಾಟ್ಸನ್ ಜೋಡಿಯನ್ನು ಇಂದಿನ ಅನೇಕರು ಪ್ರಣಯಿಗಳೆಂದು ಓದುತ್ತಾರೆ. ಕಥೆಯ ವಾಟ್ಸನ್ ಮೇರಿ ಮಾರ್ಸ್ಟನ್ ಎಂಬವಳನ್ನು ವಿವಾಹವಾಗುತ್ತಾನೆ. ಇಲ್ಲಿ ‘ಕೆಲವು ವಿಮರ್ಶಕರ ಪ್ರಕಾರ’ ಎಂಬ ಮಾತಿಲ್ಲದೆ ಮುಂದುವರಿಯುವಂತಿಲ್ಲ.

ವಾಕ್ಯದಲ್ಲಿ ‘ಇವರ ಪ್ರಕಾರ’ ಎಂದು ಸೇರಿಸಲು ಎಡೆಯಿದೆ. ಆದರೆ ಲೇಖನದ ಅಡಿಯಲ್ಲಿ ‘ವರ್ಗ’ಗಳೆಂಬ ಪಟ್ಟಿಯಿರುತ್ತದೆ: ‘ಮಹಾಭಾರತದ ಪಾತ್ರಗಳು’ ಎಂಬಂತಹವು. ವರ್ಗದೊಳಗೆ ‘ಒಬ್ಬರ ಅಭಿಪ್ರಾಯದಲ್ಲಿ’ ಎಂದು ಬರೆಯಲಾಗದು. ಹೆಸರು ಅದರಲ್ಲಿ ಇರುತ್ತದೆ, ಇಲ್ಲವೇ ಇರುವುದಿಲ್ಲ. ಆದ್ದರಿಂದಲೇ ಕಡುವಾದ ಜಗಳಗಳು ಲೇಖನದ ಒಡಲಿಗಿಂತ ಈ ಅಡಿಪಟ್ಟಿಯ ಸುತ್ತ ನಡೆಯುತ್ತವೆ. ಹಾಜರಿ ಪುಸ್ತಕದಲ್ಲಿ ಗಂಡು ಅಥವಾ ಹೆಣ್ಣು ಎಂದು ಗುರುತು ಹಾಕುವ ನಮಗೆ ಇದರ ಇಕ್ಕಟ್ಟು ಹೊಸದೇನಲ್ಲ.

ಈಗ ಶಿಖಂಡಿಯ ಕಡೆಗೆ ಹೊರಳೋಣ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಈ ಕಥೆ ವಿಸ್ತಾರವಾಗಿ ಬರುತ್ತದೆ. ಭೀಷ್ಮನ ಮೇಲಿನ ಸೇಡಿಗಾಗಿ ಪ್ರಾಣ ತೊರೆದ ಅಂಬೆ ದ್ರುಪದನ ಮಗಳಾಗಿ ಹುಟ್ಟುತ್ತಾಳೆ. ಹುಟ್ಟಿದ್ದು ಹೆಣ್ಣಾದರೂ ಮಗನೆಂದೇ ಸಾರಿ, ಮಗನಂತೆಯೇ ಬೆಳೆಸಿ, ದಶಾರ್ಣದ ಅರಸ ಹಿರಣ್ಯವರ್ಮನ ಮಗಳೊಡನೆ ವಿವಾಹ ಮಾಡುತ್ತಾರೆ. ನಿಜ ತಿಳಿದು ಬೀಗನು ದಂಡೆತ್ತಿ ಬರಲು ಸಿದ್ಧನಾದಾಗ ಶಿಖಂಡಿನಿ ಕಾಡಿಗೆ ಹೋಗುತ್ತಾಳೆ. ಅಲ್ಲಿ ಸ್ಥೂಣಾಕರ್ಣನೆಂಬ ಯಕ್ಷನು ತನ್ನ ಗಂಡುತನವನ್ನು ಕೊಟ್ಟು ಅವಳ ಹೆಣ್ಣುತನವನ್ನು ಪಡೆಯುತ್ತಾನೆ. ಸ್ವಲ್ಪ ಕಾಲಕ್ಕೆಂದು ಆದ ಈ ವಿನಿಮಯ ಕುಬೇರನ ಶಾಪದಿಂದಾಗಿ ಶಿಖಂಡಿಯ ಮರಣದವರೆಗೂ ನಿಲ್ಲುತ್ತದೆ.

ಈ ಕಥೆಯನ್ನು ಹಿಡಿದು ‘ಸಲಿಂಗಪ್ರೇಮಿ’ ಎಂದವರು ನೋಡಿದ್ದು ಹೆಣ್ಣೊಂದು ಹೆಣ್ಣನ್ನು ವರಿಸಿದ ಆ ಮೊದಲ ವಿವಾಹವನ್ನು. ‘ಲಿಂಗತ್ವ ಬದಲಾದ ಪಾತ್ರ’ ಎಂದವರು ನೋಡಿದ್ದು ಯಕ್ಷನ ವರವನ್ನು. ಇವೆರಡೂ ಒಂದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ತನ್ನನ್ನು ತಾನು ಗಂಡು, ಹೆಣ್ಣು ಅಥವಾ ಬೇರೆ ಎಂದು ಅರಿಯುವುದು ಲಿಂಗತ್ವದ ವಿಷಯ. ಯಾರತ್ತ ಮನಸ್ಸು ಸೆಳೆಯುತ್ತದೆ ಎಂಬುದು ಲೈಂಗಿಕ ಒಲವಿನ ವಿಷಯ. ಶಿಖಂಡಿಯ ವಿವಾಹವನ್ನು ನಿಶ್ಚಯಿಸಿದವರು ತಂದೆತಾಯಿ. ಆ ವಧುವಿನ ಕಡೆಗೆ ಶಿಖಂಡಿಯ ಮನಸ್ಸು ಹೇಗಿತ್ತೆಂಬುದನ್ನು ಆ ಭಾಗ ಹೇಳುವುದಿಲ್ಲ. ಆದ್ದರಿಂದ ‘ಸಲಿಂಗಪ್ರೇಮಿ ಪಾತ್ರ’ ಎಂಬ ವಾಕ್ಯ ವ್ಯಂಗ್ಯಾರ್ಥದ ಕಡೆಗೆ ಸೇರಿದ್ದು. ಆಧಾರ ಬೇಕಿತ್ತು, ಇರಲಿಲ್ಲ, ಹೋಯಿತು. ಆದರೆ ಅದು ಅಸಭ್ಯವಾಗಿರಲಿಲ್ಲ. ಅಳಿಸಿದವರ ಕಾರಣ ಆಧಾರದ ಕೊರತೆಯೋ ಅಥವಾ ಅವರ ಮುಜುಗರವೋ ಎಂಬುದನ್ನು ಇತಿಹಾಸದ ಪುಟದಲ್ಲಿ ಅವರು ಬರೆದ ಸಾರಾಂಶದ ಸಾಲಿನಿಂದ ಕೆಲವೊಮ್ಮೆ ತಿಳಿಯಬಹುದು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಸಾಧಕರನ್ನು ಕುರಿತು ಬರೆಯುವಾಗ ‘ಅವರು ಬಂದರು’ ಎಂಬ ಬಹುವಚನದಲ್ಲಿ ಲಿಂಗ ಮರೆಯಾಗುತ್ತದೆ. ಕಥಾಪಾತ್ರಕ್ಕೆ ನಾವು ಏಕವಚನ ಬಳಸುತ್ತೇವೆ; ಆಗ ಪ್ರತಿ ಕ್ರಿಯಾಪದವೂ ತೀರ್ಪು ಕೊಡುತ್ತದೆ. ಶಿಖಂಡಿ ಬಂದನೋ, ಬಂದಳೋ? ‘ಬಂದಿತು’ ಎಂದರೆ ಮನುಷ್ಯತ್ವವೇ ಹೋಯಿತು. ವ್ಯಾಕರಣದ ತರಗತಿಯಲ್ಲಿ ಪುನ್ನಪುಂಸಕ, ಸ್ತ್ರೀನಪುಂಸಕ, ನಿತ್ಯನಪುಂಸಕ ಎಂದು ಬಾಯಿಪಾಠ ಮಾಡಿಸುವ ನಾವು ಕ್ರಿಯಾಪದದ ಕೊನೆಯಲ್ಲಿ ಇಷ್ಟು ಹೊಣೆಯಿದೆಯೆಂದು ಯೋಚಿಸಿರುವುದಿಲ್ಲ. ನನ್ನ ಸಲಹೆ ಇಷ್ಟೇ: ಮೂಲಕಥೆಯ ಆಯಾ ಘಟ್ಟವನ್ನು ಅನುಸರಿಸಿ, ಕಾಡಿಗೆ ಹೋಗುವವರೆಗೆ ‘ಅವಳು’, ಬಂದ ಮೇಲೆ ‘ಅವನು’ ಎನ್ನಬಹುದು.

ಹಾಗಿದ್ದರೆ ಭೀಷ್ಮನೇಕೆ ಶಸ್ತ್ರ ಕೆಳಗಿಟ್ಟನು? ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ ಇದು. ಹೆಣ್ಣಿನೊಡನೆಯೂ, ಹಿಂದೆ ಹೆಣ್ಣಾಗಿದ್ದವರೊಡನೆಯೂ ಯುದ್ಧ ಮಾಡೆನೆಂಬುದು ಭೀಷ್ಮನ ವ್ರತ. ಅವನ ಕಣ್ಣಿಗೆ ಶಿಖಂಡಿ ಎಂದೆಂದಿಗೂ ಹೆಣ್ಣೇ. ಅದು ಒಂದು ಪಾತ್ರದ ನೋಟ, ಕಾವ್ಯದ ತೀರ್ಪಲ್ಲ. ಹೀಗೆ ‘ಯಾರು ಹೇಳುತ್ತಾರೆ?’ ಎಂಬ ಪ್ರಶ್ನೆಯನ್ನು ವಿಶ್ವಕೋಶದ ವಾಕ್ಯಕ್ಕೆ ಮಾತ್ರವಲ್ಲ, ಕೃತಿಯ ಒಳಗಿನ ಮಾತಿಗೂ ಕೇಳಬೇಕಾಗುತ್ತದೆ. ಶಿಖಂಡಿ ಎಂದರೆ ಹೇಡಿ ಎಂಬ ಆಡುಮಾತಿಗಂತೂ ಮೂಲದಲ್ಲಿ ಬೆಂಬಲವಿಲ್ಲ. ಪಾಂಡವಪಕ್ಷದ ರಥಿಕರಲ್ಲಿ ಭೀಷ್ಮನೇ ಅವನನ್ನು ಎಣಿಸುತ್ತಾನೆ. ಕೊನೆಯ ರಾತ್ರಿಯ ಕಗ್ಗೊಲೆಯಲ್ಲಿ ಅಶ್ವತ್ಥಾಮನ ಕೈಯಿಂದ ಮಡಿಯುವವರೆಗೂ ಅವನು ರಣದಲ್ಲಿದ್ದವನು. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೇ ಕರಿಹಲಗೆಯ ಮೇಲೆ ಆ ಹೆಸರಿನ ಮುಂದೆ ‘ಹೇಡಿ’ ಎಂದು ಅರ್ಥ ಬರೆಸಿದ್ದೇನೆ, ತರಗತಿ ನಕ್ಕಾಗ ನಾನೂ ನಕ್ಕಿದ್ದೇನೆ. ಆ ತರಗತಿಯಲ್ಲಿ ನಗದೆ ಕುಳಿತವರು ಯಾರಾದರೂ ಇದ್ದರೇ ಎಂದು ಆಗ ನೋಡಲಿಲ್ಲ.

ನಮ್ಮ ಎರಡು ಜಿಲ್ಲೆಗಳ ಮಕ್ಕಳಿಗೆ ಇದಕ್ಕಿಂತಲೂ ಹತ್ತಿರದ ಉದಾಹರಣೆಯೊಂದಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನೇಕಾರರ ಮನೆಯ ಮಗು ಕನ್ನಡದ ಪುಸ್ತಕದಲ್ಲಿ ಇರಾವಂತನನ್ನು ಓದುತ್ತದೆ, ತಮಿಳಿನಲ್ಲಿ ಅರವಾನನನ್ನು ಕೇಳುತ್ತದೆ. ಇಬ್ಬರೂ ಒಬ್ಬನೇ, ಅರ್ಜುನ ಮತ್ತು ಉಲೂಪಿಯರ ಮಗ. ವ್ಯಾಸಭಾರತದಲ್ಲಿ ಅವನು ಯುದ್ಧದ ಎಂಟನೆಯ ದಿನ ರಾಕ್ಷಸ ಅಲಂಬುಸನಿಂದ ಹತನಾಗುತ್ತಾನೆ. ಅಲ್ಲಿ ವಿವಾಹದ ಮಾತಿಲ್ಲ. ತಮಿಳಿನಲ್ಲಿ ಒಂಬತ್ತನೆಯ ಶತಮಾನದ ಪೆರುಂದೇವನಾರರ ಭಾರತದಲ್ಲಿಯೇ ಅವನು ಯುದ್ಧಕ್ಕೆ ಮುನ್ನ ಕಳಬಲಿಯಾಗುವ ವೀರ. ಬಲಿಗೆ ಮೊದಲು ಮದುವೆಯಾಗಬೇಕೆಂದು ಅವನು ಬಯಸಿದಾಗ ಕೃಷ್ಣನೇ ಮೋಹಿನಿಯಾಗಿ ಅವನನ್ನು ವರಿಸಿದನೆಂಬುದು ಜನಪದರ ಪರಂಪರೆ. ಕಳ್ಳಕುರಿಚ್ಚಿ ಜಿಲ್ಲೆಯ ಕೂವಾಗಂನಲ್ಲಿ ಚಿತ್ತಿರೈ ಮಾಸದಲ್ಲಿ ತಿರುನಂಗೈಯರು ಅರವಾನನ ಹೆಸರಿನಲ್ಲಿ ತಾಳಿ ಕಟ್ಟಿಸಿಕೊಂಡು ಮರುದಿನ ಅದನ್ನು ಹರಿದು ರೋದಿಸುತ್ತಾರೆ. ನಮ್ಮ ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿಯೂ ಅರವಾನನ ಹಬ್ಬ ನಡೆಯುತ್ತದೆ.

‘ಅರವಾನನ ಪತ್ನಿ ಯಾರು?’ ಎಂಬ ಪ್ರಶ್ನೆಗೆ ಒಂದೇ ಪದದ ಉತ್ತರವನ್ನು ವಿಶ್ವಕೋಶದಿಂದ ನಿರೀಕ್ಷಿಸಿದರೆ ಜಗಳ ಖಂಡಿತ. ಒಂದು ಪರಂಪರೆಯನ್ನು ಮೂಲವೆಂದೂ ಇನ್ನೊಂದನ್ನು ವಿಕೃತಿಯೆಂದೂ ಕರೆದರೆ, ಆ ಊರಿನವರ ನಂಬಿಕೆಯನ್ನು ಅಳಿಸಿದಂತೆ. ವಿಶ್ವಕೋಶದಲ್ಲಿ ‘ವ್ಯಾಸಭಾರತದಲ್ಲಿ ಹೀಗೆ, ತಮಿಳು ಪರಂಪರೆಯಲ್ಲಿ ಹೀಗೆ’ ಎಂದು ಎರಡಕ್ಕೂ ಬೇರೆ ಬೇರೆ ಭಾಗಗಳಿರಬೇಕು. ಇಲ್ಲಿ ಮತ್ತೊಂದು ಎಚ್ಚರವೂ ಅಗತ್ಯ. ಹೋಮ್ಸ್‌ನಂತೆ ಇವರು ನಮ್ಮೆಲ್ಲರಿಗೂ ಬರಿಯ ಕಥಾಪಾತ್ರಗಳಲ್ಲ, ಕೈಮುಗಿಯುವವರಿದ್ದಾರೆ. ‘ಈ ಪಠ್ಯದ ಪ್ರಕಾರ’, ‘ಈ ಊರಿನ ಪರಂಪರೆಯ ಪ್ರಕಾರ’ ಎಂಬ ಮಾತು ಭಕ್ತನನ್ನೂ ನೋಯಿಸುವುದಿಲ್ಲ, ವಿದ್ಯಾರ್ಥಿಯನ್ನೂ ತಡೆಯುವುದಿಲ್ಲ.

ಕನ್ನಡ ವಿಕಿಪೀಡಿಯದಲ್ಲಿ ಇಂತಹ ವಾಗ್ವಾದಗಳು ಅಪರೂಪ. ಅದನ್ನು ಶಾಂತಿಯೆಂದು ತಿಳಿಯಬೇಕಾಗಿಲ್ಲ. ಬರೆಯುವವರು, ಕಾಯುವವರು ಕಡಿಮೆ. ಅನೇಕ ಚರ್ಚಾಪುಟಗಳು ಖಾಲಿಯಾಗಿಯೇ ಇವೆ. ಇಂಗ್ಲಿಷಿನಲ್ಲಿ ಗಂಟೆಯೊಳಗೆ ಅಳಿಯಬಹುದಾದ ಆಧಾರವಿಲ್ಲದ ವಾಕ್ಯ ನಮ್ಮಲ್ಲಿ ವರ್ಷಗಟ್ಟಲೆ ಉಳಿಯಬಹುದು. ಹಾಗೆಯೇ, ಆಧಾರವಿದ್ದ ವಾಕ್ಯವನ್ನು ಮುಜುಗರಪಟ್ಟು ಯಾರಾದರೂ ತೆಗೆದರೆ ಕೇಳುವವರಿರುವುದಿಲ್ಲ.

ಪದಗಳ ಆಯ್ಕೆಯ ಕುರಿತು ಒಂದು ಮಾತು. ‘ಸಲಿಂಗಕಾಮ’ ಎಂಬ ಪದ ಒಂದು ಇಡೀ ಬದುಕನ್ನು ಕಾಮಕ್ಕೆ ಇಳಿಸುತ್ತದೆ. ‘ಸಲಿಂಗಪ್ರೇಮ’, ‘ಸಲಿಂಗ ಒಲವು’ ತರಗತಿಗೆ ಯೋಗ್ಯ. ಇದು ಬರಿಯ ನಯನಾಜೂಕಿನ ಮಾತಲ್ಲ. ಸಮ್ಮತಿಯುಳ್ಳ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿದೆ. ಮದ್ರಾಸ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು 2021ರ ಜೂನ್ 7ರ ಆದೇಶದಲ್ಲಿ ಶಾಲೆಗಳನ್ನೂ ಶಿಕ್ಷಕ–ಪೋಷಕ ಸಭೆಗಳನ್ನೂ ಹೆಸರಿಸಿ, ಇಂತಹ ಮಕ್ಕಳ ಕುರಿತು ತಿಳಿವಳಿಕೆ ಮೂಡಿಸಬೇಕೆಂದು ಸೂಚಿಸಿದರು. ಆ ಆದೇಶಕ್ಕೆ ಮುನ್ನ ಅವರು ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಕುಳಿತು ತಾವೇ ವಿಷಯವನ್ನು ಕಲಿತರೆಂಬುದು ಶಿಕ್ಷಕರಾದ ನಮಗೆ ಕುತೂಹಲದ ಸಂಗತಿ. ಮುಂದೆ 2022ರಲ್ಲಿ ತಮಿಳುನಾಡು ಸರ್ಕಾರ ಗೌರವಯುತ ತಮಿಳು ಪದಗಳ ಪಟ್ಟಿಯನ್ನು ರಾಜ್ಯಪತ್ರದಲ್ಲಿಯೇ ಪ್ರಕಟಿಸಿತು. ನಮ್ಮ ಮಕ್ಕಳು ತಮಿಳಿನಲ್ಲಿ ತಿರುನಂಗೈ, ತಿರುನಂಬಿ ಎಂಬ ಘನತೆಯ ಪದಗಳನ್ನು ಕೇಳುತ್ತಾ, ಕನ್ನಡದ ತರಗತಿಯಲ್ಲಿ ಮಾತ್ರ ಬೈಗುಳವನ್ನು ಕೇಳುವಂತಾದರೆ, ಕನ್ನಡದ ಬಗ್ಗೆ ಅವರಿಗೆ ಏನನಿಸೀತು?

ಶಿಬಿರದ ಕೊನೆಯ ದಿನ ಆ ಎರಡು ನೋಟುಪುಸ್ತಕಗಳನ್ನೇ ಪಾಠವನ್ನಾಗಿ ಮಾಡಿಕೊಂಡೆವು. ಪ್ರತಿ ವಾಕ್ಯದ ಅಂಚಿನಲ್ಲಿ ‘ಯಾರು ಹೇಳಿದ್ದು?’ ಎಂದು ಬರೆಯುತ್ತಾ ಹೋದೆವು: ವ್ಯಾಸನೇ, ಭೀಷ್ಮನೇ, ಇಂದಿನ ವಿಮರ್ಶಕನೇ, ಹೆಸರಿಲ್ಲದ ಸಂಪಾದಕನೇ. ಅರ್ಧಕ್ಕಿಂತ ಹೆಚ್ಚು ವಾಕ್ಯಗಳ ಅಂಚು ಖಾಲಿಯಾಗಿಯೇ ಉಳಿಯಿತು. ಎರಡನೆಯವಳ ಪುಟದಲ್ಲಿಯೂ ಹಾಗೆಯೇ. ಅಂದರೆ ಅಂಕ ಕಳೆಯುವುದಾದರೆ ಇಬ್ಬರಿಗೂ ಕಳೆಯಬೇಕಿತ್ತು, ಕಾರಣವೂ ಬೇರೆಯಾಗಬೇಕಿತ್ತು. ವಿಶ್ವಕೋಶದಿಂದ ತೆಗೆದುಕೊಂಡ ಬರಹದ ಕೆಳಗೆ ನೋಡಿದ ದಿನಾಂಕವನ್ನು ನಮೂದಿಸುವುದನ್ನು ಕಡ್ಡಾಯ ಮಾಡಬೇಕೆಂದು ಹಿರಿಯ ಶಿಕ್ಷಕಿಯೊಬ್ಬರು ಸಲಹೆಯಿತ್ತರು. ಒಳ್ಳೆಯ ಸಲಹೆ, ನಾನೂ ಈಗ ಅದನ್ನೇ ಹೇಳುತ್ತಿದ್ದೇನೆ. ಆದರೆ ಪಾತ್ರದ ಒಲವನ್ನು ಚರ್ಚಿಸುವಾಗ ತರಗತಿಯ ಯಾವ ಮಗುವಿನ ಕಡೆಗೂ ದೃಷ್ಟಿ ಹರಿಯಕೂಡದು, ಯಾವ ಮಗುವಿನಿಂದಲೂ ಸ್ವಂತ ಅನುಭವವನ್ನು ಕೇಳಕೂಡದು. ಚರ್ಚೆ ಪುಸ್ತಕದ ಪಾತ್ರಕ್ಕಷ್ಟೇ ಸೀಮಿತವಾಗಿರಬೇಕು.

ಎರಡು ತಿಂಗಳ ಬಳಿಕ ತಿರುಪ್ಪೂರಿನ ಆ ಶಿಕ್ಷಕರು ದೂರವಾಣಿಯಲ್ಲಿ ಮಾತಾಡಿದರು. ಕಳೆದ ಅಂಕವನ್ನು ಮರಳಿಸಿ, ಇಬ್ಬರಿಂದಲೂ ಮತ್ತೆ ಬರೆಸಿದ್ದಾರೆ. ಆ ಅಡ್ಡಹೆಸರನ್ನು ತರಗತಿಯಲ್ಲಿ ನಿಲ್ಲಿಸಿದ್ದಾರೆ. ಮೈದಾನದಲ್ಲಿ ನಿಂತಿದೆಯೇ ಎಂಬುದು ಅವರಿಗೂ ಗೊತ್ತಿಲ್ಲ. ಹುಡುಗ ಶಾಲೆಗೆ ಬರುತ್ತಿದ್ದಾನೆ, ಆದರೆ ಗಟ್ಟಿಯಾಗಿ ಓದಲು ಇನ್ನೂ ಎದ್ದು ನಿಲ್ಲುತ್ತಿಲ್ಲ. ಶಿಖಂಡಿಯ ಪುಟದ ಚರ್ಚಾಪುಟದಲ್ಲಿ ಶಿಕ್ಷಕರು ತಾವೇ ಒಂದು ಖಾತೆ ತೆರೆದು, ‘ಈ ವಾಕ್ಯವನ್ನು ಸೇರಿಸಿದವರು ಯಾವ ಗ್ರಂಥದ ಆಧಾರದಿಂದ ಸೇರಿಸಿದರು? ತೆಗೆದವರು ಯಾವ ಕಾರಣದಿಂದ ತೆಗೆದರು?’ ಎಂದು ಕೇಳಿದ್ದಾರೆ. ಈ ಬರಹವನ್ನು ಮುಗಿಸುವ ಹೊತ್ತಿಗೂ ಅದಕ್ಕೆ ಉತ್ತರ ಬಂದಿಲ್ಲ.